ಬಿಟ್ಟು ಹೋದರೂ ಮುನಿಸಿಕೊಳ್ಳದ ಆಟ: ಕಲಾ ಪ್ರಾಜೆಕ್ಟ್ ಮುಗಿಸಿದ ಮೇಲೆ ಕೆಲವು ಮಾತು

ಕಿಟಕಿ

ಎಲ್ಲರಿಗೂ ನಮಸ್ಕಾರ. ಸೋಲು ಗೆಲುವು ಎರಡೂ ಇಲ್ಲದ್ದನ್ನು ಆಟ ಅಂತ ಕರೆಯಬಹುದಾ ಎಂದು ಹೋದ ವರ್ಷ ಈ ಚರ್ಚಾ ವೇದಿಕೆಯಲ್ಲಿ ಕೇಳಿದ್ದೆ. ಕೆಲವರಿಗಾದರೂ ನೆನಪಿರಬಹುದು. ಆ ಪ್ರಶ್ನೆಯ ಹಿಂದೆ ಇದ್ದ ಕೆಲಸ ಈಗ ಮುಗಿದಿದೆ. ಕಲಾ ಶಾಲೆಯ ಕೊನೆಯ ವರ್ಷದ ಪ್ರಾಜೆಕ್ಟ್ ಆಗಿ ಒಪ್ಪಿಸಿದೆ, ಪ್ರದರ್ಶನದಲ್ಲಿ ಐದು ದಿನ ಇಟ್ಟೆ, ಆಮೇಲೆ ಮೂರು ತಿಂಗಳು ಆ ಫೋಲ್ಡರನ್ನು ತೆರೆಯಲೇ ಇಲ್ಲ. ಈಗ ತೆರೆದು ನೋಡಿದಾಗ ಏನು ಸರಿ ಬಂತು, ಎಲ್ಲಿ ತಪ್ಪಿತು ಅನ್ನುವುದು ಸ್ವಲ್ಪ ತಿಳಿಯಾಗಿ ಕಾಣುತ್ತಿದೆ. ಬರೆದಿಡುತ್ತೇನೆ. ಉದ್ದ ಇದೆ, ಬಿಡುವಾದಾಗ ಓದಿ.

ಆಟ ಇಷ್ಟೇ. ರಾತ್ರಿ, ಒಂದು ಕೋಣೆ, ಹೊರಗೆ ಮಳೆ. ಮಾಡಲು ಆರು ಕೆಲಸಗಳಿವೆ. ಒಗೆದ ಬಟ್ಟೆ ಮಡಚಬಹುದು, ಗಿಡಕ್ಕೆ ನೀರು ಹಾಕಬಹುದು, ಕಿಟಕಿಯ ಗಾಜು ಒರೆಸಬಹುದು, ಪುಸ್ತಕ ಜೋಡಿಸಬಹುದು, ಗಡಿಯಾರಕ್ಕೆ ಕೀಲಿ ಕೊಡಬಹುದು, ದೀಪ ಸಣ್ಣದು ಮಾಡಬಹುದು. ಮಾಡಿದರೆ ಅಂಕ ಬರುವುದಿಲ್ಲ, ಬಿಟ್ಟರೆ ಏನೂ ಕೆಡುವುದಿಲ್ಲ. ಎಲ್ಲ ಮಾಡಲು 20 ನಿಮಿಷ ಬೇಕು.

ಇದು ಹುಟ್ಟಿದ್ದು ಅಮ್ಮನಿಗೆ ಹುಷಾರಿಲ್ಲದ ತಿಂಗಳುಗಳಲ್ಲಿ. ರಾತ್ರಿಯೆಲ್ಲ ಪಕ್ಕದಲ್ಲಿ ಕೂತಿರಬೇಕಿತ್ತು. ಪುಸ್ತಕ ಹಿಡಿದರೆ ಒಂದೇ ಸಾಲನ್ನು ನಾಲ್ಕು ಸಲ ಓದುತ್ತಿದ್ದೆ, ತಲೆಗೆ ಹೋಗುತ್ತಿರಲಿಲ್ಲ. ಫೋನಿನಲ್ಲಿ ಬೇಸಾಯದ ಒಂದು ಆಟ ಹಾಕಿಕೊಂಡೆ. ಮೊದಲ ವಾರ ಚೆನ್ನಾಗಿತ್ತು. ಆಮೇಲೆ ಅಮ್ಮನಿಗೆ ಜ್ವರ ಏರಿ ಮೂರು ದಿನ ಫೋನ್ ಮುಟ್ಟಲಾಗಲಿಲ್ಲ. ನಾಲ್ಕನೇ ದಿನ ತೆರೆದರೆ ಬೆಳೆಯೆಲ್ಲ ಒಣಗಿ, ಒಂದು ಕರು ಕಣ್ಣಲ್ಲಿ ನೀರು ತುಂಬಿಕೊಂಡು "ನಮ್ಮನ್ನು ಮರೆತುಬಿಟ್ಟೆಯಾ" ಎಂದು ಕೇಳುತ್ತಿತ್ತು. ನಾನು ಅಲ್ಲೇ ಅದನ್ನು ಅಳಿಸಿದೆ. ನೋಡಿಕೊಳ್ಳಬೇಕಾದ ಜೀವ ಒಂದು ಎದುರಿಗೇ ಮಲಗಿತ್ತು. ಇನ್ನೊಂದನ್ನು ನೋಡಿಕೊಳ್ಳಲಿಲ್ಲ ಅಂತ ಅನ್ನಿಸಿಕೊಳ್ಳುವಷ್ಟು ತ್ರಾಣ ನನ್ನಲ್ಲಿ ಇರಲಿಲ್ಲ.

ಆ ರಾತ್ರಿಯೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಸಾಲು: ಬಿಟ್ಟು ಹೋದರೂ ಮುನಿಸಿಕೊಳ್ಳದ ಆಟ. ಮುಂದಿನ ಹದಿನಾಲ್ಕು ತಿಂಗಳು ಮಾಡಿದ್ದೆಲ್ಲ ಈ ಸಾಲಿನ ಸುತ್ತಲೇ.

ಆದರೆ ಮೊದಲ ಆವೃತ್ತಿ ಕೆಟ್ಟದಾಗಿತ್ತು. ನೆಮ್ಮದಿ ಅಂದರೆ ಸಿಹಿ ಅಂದುಕೊಂಡಿದ್ದೆ. ತಿಳಿ ಗುಲಾಬಿ ಬಣ್ಣ, ದುಂಡು ಮೂಲೆಗಳು, ಕಿಟಕಿಯ ಮೇಲೆ ಕೂತು ಮಾತಾಡುವ ಒಂದು ಬೆಕ್ಕು. ನೀವು ಏನೇ ಮಾಡಿದರೂ "ಎಷ್ಟು ಚೆನ್ನಾಗಿ ಮಾಡ್ತೀಯ", "ಸುಸ್ತಾಗಿದೆಯಾ, ಪರವಾಗಿಲ್ಲ" ಎನ್ನುತ್ತಿತ್ತು. ಬೆಕ್ಕಿನ ಮಾತೇ 212 ಸಾಲು ಬರೆದಿದ್ದೆ. ಗೆಳತಿಯೊಬ್ಬಳಿಗೆ ಆಡಲು ಕೊಟ್ಟೆ. ಹತ್ತು ನಿಮಿಷ ಆಡಿ ಇಟ್ಟಳು. "ಇದು ನನ್ನನ್ನು ಸಮಾಧಾನ ಮಾಡೋಕೆ ನೋಡ್ತಿದೆ ಅಂತ ಗೊತ್ತಾಗಿಬಿಡುತ್ತೆ, ಅದಕ್ಕೇ ಆಗ್ತಿಲ್ಲ" ಎಂದಳು. ಕೇಳಿದಾಗ ನೋವಾಯಿತು. ಆದರೆ ಅಮ್ಮನ ಹಾಸಿಗೆ ಪಕ್ಕ ಕೂತಿದ್ದಾಗ ನನಗೂ ಹಾಗೇ ಆಗುತ್ತಿತ್ತು. ಎಲ್ಲ ಸರಿಹೋಗುತ್ತೆ ಅಂದವರ ಮಾತು ಒಂದೂ ನೆನಪಿಲ್ಲ. ಏನೂ ಹೇಳದೆ ಬಂದು, ಕುರ್ಚಿಯ ಮೇಲೆ ರಾಶಿ ಬಿದ್ದಿದ್ದ ಬಟ್ಟೆ ಮಡಚಿಟ್ಟು ಹೋದ ಪಕ್ಕದ ಮನೆಯವರು ಇವತ್ತಿಗೂ ನೆನಪಿದ್ದಾರೆ.

ಬೆಕ್ಕನ್ನು ತೆಗೆದೆ. 212 ಸಾಲು ಹೋಗಿ 9 ಸಾಲು ಉಳಿಯಿತು. ಬಟ್ಟೆ ಮಡಚುವುದು ಆಟದ ನಡುಮನೆಗೆ ಬಂತು.

ಅತಿ ಹೆಚ್ಚು ದಿನ ತಿಂದದ್ದೂ ಅದೇ. ಮೊದಲು ಅಂಚಿಗೆ ಅಂಚು ಸರಿಯಾಗಿ ಕೂಡಿಸಿದರೆ ಮಾತ್ರ ಮಡಿಕೆ ಬೀಳುವಂತೆ ಬರೆದೆ. ಆಡಿದವರ ಹುಬ್ಬು ಗಂಟಿಕ್ಕಿತು, ಪರೀಕ್ಷೆ ಬರೆದ ಹಾಗೆ. ಆಮೇಲೆ ಒಮ್ಮೆ ಮುಟ್ಟಿದರೆ ಸಾಕು, ಬಟ್ಟೆ ತಾನೇ ಮಡಚಿಕೊಳ್ಳುವಂತೆ ಮಾಡಿದೆ. ಎಲ್ಲರೂ ಟಪಟಪ ಮುಟ್ಟಿ ಅರ್ಧ ನಿಮಿಷದಲ್ಲಿ ಮುಗಿಸಿ "ಆಯ್ತು, ಮುಂದೆ?" ಅಂದರು. ಕೊನೆಗೆ ನಿಂತದ್ದು ಇವೆರಡರ ನಡುವೆ. ಬೆರಳಿನಿಂದ ಅಂಚನ್ನು ಎಳೆಯಬೇಕು. ಬಟ್ಟೆ ಬೆರಳಿಗಿಂತ ತುಸು ಹಿಂದೆ ಉಳಿದು, ಭಾರ ಇದ್ದಂತೆ ಬರುತ್ತದೆ. ಇನ್ನೊಂದು ಅಂಚಿನ ಹತ್ತಿರ ತಂದರೆ ಸಾಕು, ಉಳಿದದ್ದನ್ನು ಅದು ತಾನೇ ಮುಗಿಸುತ್ತದೆ. ಆಮೇಲೆ ಅಂಗೈಯಿಂದ ಸವರಿದ ಹಾಗೆ ಒಂದು ಸಲ ಸವರಿದರೆ ಸುಕ್ಕು ಹೋಗುತ್ತದೆ. ಸವರಲೇಬೇಕು ಅಂತಿಲ್ಲ. ಆದರೆ ಆಡಿದವರಲ್ಲಿ ಬಹುಪಾಲು ಜನ ಸವರಿದರು.

ಇಲ್ಲಿ ನನಗೆ ಹೊಳೆದದ್ದನ್ನು ಹೇಳುತ್ತೇನೆ, ಒಪ್ಪದವರು ಇದ್ದರೆ ವಾದಿಸಿ. ಕಷ್ಟವನ್ನೆಲ್ಲ ತೆಗೆದುಹಾಕಿದರೆ ನೆಮ್ಮದಿ ಉಳಿಯುವುದಿಲ್ಲ, ಖಾಲಿತನ ಉಳಿಯುತ್ತದೆ. ಕೈಗೆ ಸ್ವಲ್ಪ ಭಾರ ಬೇಕು. ತಪ್ಪಿದರೆ ಯಾರೂ ಲೆಕ್ಕ ಇಡಬಾರದು, ಅಷ್ಟೇ.

ಇನ್ನು ಪ್ರದರ್ಶನ. ದೊಡ್ಡ ಹಾಲ್, ಒಂದು ಕುರ್ಚಿ, ಸ್ಕ್ರೀನ್, ಹೆಡ್‌ಫೋನ್. ಮೊದಲ ದಿನ ಯಾರೂ ಎರಡು ನಿಮಿಷಕ್ಕಿಂತ ಹೆಚ್ಚು ಕೂರಲಿಲ್ಲ. ಕಾರಣ ಸಂಜೆಯ ಹೊತ್ತಿಗೆ ಗೊತ್ತಾಯಿತು. ಕೂತವರ ಬೆನ್ನು ಜನರ ಕಡೆಗಿತ್ತು. ಯಾರೋ ಹಿಂದೆ ನಿಂತು ನೋಡುತ್ತಿದ್ದಾರೆ ಅನ್ನುವಾಗ ಯಾರಿಗೆ ತಾನೇ ಹಗುರವಾಗುತ್ತದೆ? ಎರಡನೇ ದಿನ ಕುರ್ಚಿಯನ್ನು ಮೂಲೆಗೆ ಎಳೆದು, ಬೆನ್ನು ಗೋಡೆಗೆ ಬರುವಂತೆ, ಬಾಗಿಲು ಕಣ್ಣಿಗೆ ಬೀಳುವಂತೆ ತಿರುಗಿಸಿದೆ. ಕೋಡಿನಲ್ಲಿ ಒಂದಕ್ಷರ ಬದಲಾಗಲಿಲ್ಲ. ಜನ ಹತ್ತು, ಹದಿನೈದು ನಿಮಿಷ ಕೂರತೊಡಗಿದರು. ಒಬ್ಬರು 40 ನಿಮಿಷ ಕೂತರು. ಒಂದು ಕೆಲಸವನ್ನೂ ಮಾಡಲಿಲ್ಲ, ಬರೀ ಮಳೆ ನೋಡಿದರು. ಎದ್ದು ಹೋಗುವಾಗ ಕುರ್ಚಿಯನ್ನು ಮೆಲ್ಲಗೆ ಒಳಗೆ ತಳ್ಳಿ ಹೋದರು.

ಮೂರನೇ ದಿನ ಒಬ್ಬರು ಹೆಡ್‌ಫೋನ್ ಹಾಕಿ ಮೂರು ನಿಮಿಷಕ್ಕೆ ಕಿತ್ತಿಟ್ಟು ಎದ್ದರು. ಮುಖ ಬಿಳಿಚಿತ್ತು. "ಏನೂ ಆಗದ ಆ ಕೋಣೆಯಲ್ಲಿ ನನ್ನ ಯೋಚನೆಗಳೇ ಜೋರಾಗಿ ಕೇಳಿಸಿದವು. ನನಗೆ ಹೆದರಿಕೆ ಆಯ್ತು" ಅಂದರು. ನಾನು ಕ್ಷಮೆ ಕೇಳಿದೆ. ಅವರು ಪರವಾಗಿಲ್ಲ ಅಂದು ಹೋದರು. ಮೂರು ತಿಂಗಳು ಫೋಲ್ಡರ್ ತೆರೆಯದೇ ಇದ್ದದ್ದಕ್ಕೆ ಅವರ ಆ ಮುಖವೂ ಒಂದು ಕಾರಣ. ಸಮಾಧಾನ ಕೊಡಲೆಂದೇ ಮಾಡಿದ ವಸ್ತು ಒಬ್ಬರಿಗೆ ಭಯ ಹುಟ್ಟಿಸಿದರೆ, ಮಾಡಿದವರು ಏನು ಮಾಡಬೇಕು? ಇದನ್ನೇ ಕೇಳಲು ಬಂದೆ.

ಅರ್ಧಪಿಕ್ಸೆಲ್

ಪೂರ್ತಿ ಓದಿದೆ. ಕೊನೇ ಪ್ರಶ್ನೆಗೆ ನನ್ನ ಹತ್ರ ಉತ್ತರ ಇಲ್ಲ, ಆದರೆ ಆ "ಮುನಿಸಿಕೊಳ್ಳದ ಆಟ" ಅನ್ನೋ ಮಾತನ್ನ ಹಿಡ್ಕೊಂಡು ಸ್ವಲ್ಪ ಹೇಳ್ತೀನಿ, ಯಾಕಂದ್ರೆ ನನ್ನ ಪ್ರಕಾರ ಇದು ಗಡಿಯಾರದ ಪ್ರಶ್ನೆ.

ಹಾಯಾಗಿ ಆಡೋ ಆಟ ಅಂದ ತಕ್ಷಣ ಜನ ಹೇಳೋ ಎರಡು ಹೆಸರು ನೋಡಿ. ಸ್ಟಾರ್‌ಡ್ಯೂ ವ್ಯಾಲಿ, ಬೇಸಾಯದ ಆಟ, 2016ರದ್ದು, ಎರಿಕ್ ಬರೋನ್ ಒಬ್ಬರೇ ಕೂತು ಮಾಡಿದ್ದು. ಅದರಲ್ಲಿ ನೀವು ಆಡ್ತಿದ್ರೆ ಮಾತ್ರ ದಿನ ಸರಿಯುತ್ತೆ. ಆರು ತಿಂಗಳು ಬಿಟ್ಟು ಬನ್ನಿ, ನೀವು ಮಲಗಿದ್ದ ಬೆಳಗ್ಗೆಯೇ ಕಾದಿರುತ್ತೆ. ಇನ್ನೊಂದು 2020ರ ಮಾರ್ಚಲ್ಲಿ ಬಂದ ಆನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್, ದ್ವೀಪದಲ್ಲಿ ಪುಟ್ಟ ಊರು ಕಟ್ಟೋ ಆಟ. ಅದು ಹೊರಗಿನ ನಿಜವಾದ ಗಡಿಯಾರಕ್ಕೆ ಕಟ್ಟಿಕೊಂಡಿದೆ. ಇಲ್ಲಿ ರಾತ್ರಿ ಆದ್ರೆ ಅಲ್ಲೂ ರಾತ್ರಿ. ಎಲ್ಲರೂ ಮನೆಯೊಳಗೆ ಕೂತಿದ್ದ ಆ ಹೊತ್ತಲ್ಲಿ ಅದು ಎಷ್ಟು ಜನಕ್ಕೆ ಆಸರೆ ಆಯ್ತು ಅನ್ನೋದು ನಮಗೆಲ್ಲ ಗೊತ್ತು. ಆದರೆ ತುಂಬಾ ದಿನ ಬಿಟ್ಟು ಬಂದ್ರೆ ಕಳೆ ಬೆಳೆದಿರುತ್ತೆ, ಊರಿನವರು ಎಲ್ಲಿ ಹೋಗಿದ್ದೆ ಅಂತ ಕೇಳ್ತಾರೆ.

ಎರಡೂ ನನಗಿಷ್ಟ. ಆದರೆ ಮನೇಲಿ ಯಾರನ್ನಾದರೂ ನೋಡಿಕೊಳ್ತಿರೋ ಮನುಷ್ಯನಿಗೆ ಮೊದಲನೇ ಗಡಿಯಾರವೇ ಸರಿ. ನಿಮ್ಮ ಆಟದಲ್ಲಿ ಕೀಲಿ ಕೊಡೋ ಗಡಿಯಾರ ಇದೆಯಲ್ಲ, ಕೀಲಿ ಕೊಡದಿದ್ರೆ ನಿಲ್ಲುತ್ತಾ?

ಇನ್ನೊಂದು, ಆಟದಿಂದ ಎದ್ದು ಹೋಗೋದು ಹೇಗೆ ಅಂತ ನೀವು ಬರೀಲಿಲ್ಲ. "ಉಳಿಸದೆ ಹೊರಹೋಗಬೇಕೆ?" ಅಂತ ಒಂದು ಪೆಟ್ಟಿಗೆ ಎದ್ದು ನಿಂತರೆ ಅಲ್ಲಿಗೆ ಎಲ್ಲ ಹಾಳು. ಪಕ್ಕದ ಕೋಣೆಯಿಂದ ಯಾರೋ ಕೂಗಿದಾಗ ಫೋನನ್ನ ಹಾಗೇ ಮಗುಚಿಟ್ಟು ಓಡೋಕೆ ಆಗಬೇಕು.

ಕಿಟಕಿ

@ಅರ್ಧಪಿಕ್ಸೆಲ್ ಗಡಿಯಾರ ನಿಲ್ಲುತ್ತದೆ. ನಿಂತರೆ ಮಳೆ ಮಾತ್ರ ಕೇಳಿಸುತ್ತದೆ, ಅದೂ ಚೆನ್ನಾಗಿಯೇ ಇರುತ್ತದೆ. ಉಳಿಸುವ ಬಟನ್ ಇಲ್ಲವೇ ಇಲ್ಲ. ಪ್ರತಿ ಕೆಲಸ ಆದ ಕೂಡಲೇ ತಾನೇ ಉಳಿಯುತ್ತದೆ. ಅರ್ಧ ಮಡಚಿದ ಬಟ್ಟೆ ಒಂದು ವರ್ಷ ಬಿಟ್ಟು ಬಂದರೂ ಅರ್ಧ ಮಡಚಿಯೇ ಇರುತ್ತದೆ. ಓಡಿ ಹೋಗಬೇಕಾಗಿ ಬರುವವರಿಗಾಗಿಯೇ ಮಾಡಿದ್ದು, ಓಡಿ ಹೋದವರು ನಾನೂ ಆಗಿದ್ದೆನಲ್ಲ.

ಬಣ್ಣದ ಡಬ್ಬಿ

ನಾನು ಹಲವು ವರ್ಷ ಚಿತ್ರಕಲೆ ಕಲಿಸಿದವನು. ಕೆಲಸ ಇಷ್ಟವಾಯಿತು ಎಂದು ಮೊದಲೇ ಹೇಳಿ, ಒಂದು ತಕರಾರು ಮುಂದಿಡುತ್ತೇನೆ. ಕುರ್ಚಿ ತಿರುಗಿಸಿದ ಭಾಗ ಓದುವಾಗ ಇದು ಕಲಾಕೃತಿ ಎಂದು ನನಗೆ ಸಂದೇಹವೇ ಬರಲಿಲ್ಲ. ನೋಡುಗನ ದೇಹ ಎಲ್ಲಿರುತ್ತದೆ ಎಂದು ಯೋಚಿಸುವುದು ಕಲಾವಿದನ ಕೆಲಸ. ಆದರೆ "ಸಮಾಧಾನ ಕೊಡಲೆಂದೇ ಮಾಡಿದ ವಸ್ತು" ಎಂಬ ಮಾತಿಗೆ ಬಂದಾಗ ನಿಂತೆ. ಕೃತಿಯ ಪರಿಣಾಮವನ್ನು ಮೊದಲೇ ಗೊತ್ತು ಮಾಡಿಕೊಂಡು ಕೂತರೆ ಅದು ಔಷಧಿಯಾಗುತ್ತದೆ, ಕೆಲಸ ಮಾಡಿತೋ ಇಲ್ಲವೋ ಎಂಬ ಒಂದೇ ಅಳತೆ ಉಳಿಯುತ್ತದೆ. ನೀವು ಈಗ ಪಡುತ್ತಿರುವ ಸಂಕಟ ಆ ಅಳತೆಯಿಂದ ಬಂದದ್ದು. ಹೆದರಿ ಎದ್ದು ಹೋದವರು ನಿಮ್ಮ ಕೃತಿಯನ್ನು ಬಹಳ ಆಳವಾಗಿ ಅನುಭವಿಸಿದವರು ಎಂದೂ ನೋಡಬಹುದಲ್ಲವೇ?

ಆಟಗಳು ಕಲೆಯೇ ಎಂಬ ಹಳೆಯ ಜಗಳಕ್ಕೆ ನಾನು ಹೋಗುವುದಿಲ್ಲ. ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ 2012ರಲ್ಲಿ 14 ವಿಡಿಯೋ ಗೇಮ್‌ಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಅದರಲ್ಲಿ ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಜೋಡಿಸುವ ಟೆಟ್ರಿಸ್ ಇದೆ, ಫ್ಲೋ ಎಂಬ ಆಟವೂ ಇದೆ. ಫ್ಲೋ 2006ರಲ್ಲಿ ಜೆನೋವಾ ಚೆನ್ ವಿದ್ಯಾರ್ಥಿಯಾಗಿದ್ದಾಗ ತನ್ನ ಸ್ನಾತಕೋತ್ತರ ಪ್ರಬಂಧದ ಜೊತೆಗೆ ಮಾಡಿದ್ದು. ವಿದ್ಯಾರ್ಥಿಯ ಪ್ರಾಜೆಕ್ಟ್ ಎಂದು ನಿಮ್ಮದನ್ನು ನೀವೇ ಸಣ್ಣದು ಮಾಡಿಕೊಳ್ಳಬೇಡಿ.

ಕಿಟಕಿ

@ಬಣ್ಣದ ಡಬ್ಬಿ ಸರ್, ಒಪ್ಪಿಸಿದ ದಿನ ಪರೀಕ್ಷಕರೂ ಇದನ್ನೇ ಕೇಳಿದ್ದರು. ಕಲೆ ಕಲಕಬೇಕಲ್ಲವೇ, ಜೋಗುಳ ಹಾಡಿದರೆ ಹೇಗೆ ಎಂದು. ಆಗ ಉತ್ತರ ತೋಚಲಿಲ್ಲ, ಈಗ ಹೇಳುತ್ತೇನೆ. ದಣಿದವರಿಗೆ ಒಳ್ಳೆಯ ಒರಗುಕುರ್ಚಿ ಇದ್ದಹಾಗೆ ತನ್ನ ಚಿತ್ರ ಇರಬೇಕು ಎಂದು ಫ್ರೆಂಚ್ ಚಿತ್ರಕಾರ ಆಂರಿ ಮತೀಸ್ 1908ರಲ್ಲೇ ಬರೆದಿದ್ದರು. ಒರಗುಕುರ್ಚಿಯನ್ನು ಮಾಡುವುದು ಸುಲಭ ಅಲ್ಲ ಅನ್ನುವುದು ಬಟ್ಟೆ ಮಡಚುವುದನ್ನು ಮೂರು ಸಲ ಬರೆದ ಮೇಲೆ ನನಗೆ ಅರ್ಥವಾಗಿದೆ. ಕಲಕುವುದಕ್ಕೆ ಬೇಕಾದಷ್ಟೇ ಗಮನ ಒರಗಿಸುವುದಕ್ಕೂ ಬೇಕು. ಜೋಗುಳ ಹಾಡುವವರಿಗೂ ಶ್ರುತಿ ಬೇಕಲ್ಲ.

ಆದರೆ ಹೆದರಿದವರ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪಲು ನನಗೆ ಮನಸ್ಸು ಬರುತ್ತಿಲ್ಲ. ಹೆದರಿಸುವ ಕೃತಿ ಎಂದು ಹೇಳಿ ಇಟ್ಟಿದ್ದರೆ ಅದು ಬೇರೆ. "ಬನ್ನಿ, ಕೂತು ಸುಧಾರಿಸಿಕೊಳ್ಳಿ" ಎಂದು ಬೋರ್ಡು ಹಾಕಿದ್ದು ನಾನು. ಅವರು ನಂಬಿ ಕೂತರು.

ಶ್ರುತಿಪೆಟ್ಟಿಗೆ

ಶ್ರುತಿಯ ಮಾತು ಬಂದದ್ದಕ್ಕೆ ಬಂದೆ. ಮಳೆಯ ಸದ್ದು ಎಷ್ಟು ಉದ್ದದ ಲೂಪ್, ಅಂದರೆ ಎಷ್ಟು ಹೊತ್ತಿಗೊಮ್ಮೆ ಮತ್ತೆ ಮೊದಲಿನಿಂದ ಬರುತ್ತದೆ?

ಕಿಟಕಿ

40 ಸೆಕೆಂಡ್. ನಾನೇ ರಾತ್ರಿ ರೆಕಾರ್ಡ್ ಮಾಡಿದ್ದು.

ಶ್ರುತಿಪೆಟ್ಟಿಗೆ

ಹಾಗಾದರೆ ಅದರಲ್ಲಿ ಎಲ್ಲೋ ಒಂದು ಹನಿ ತಗಡಿನ ಮೇಲೋ ಬಕೆಟ್ಟಿನ ಮೇಲೋ ಬಿದ್ದ ಸದ್ದು ಬೇರೆಯಾಗಿ ಕೇಳಿಸುತ್ತಿರಬೇಕು. ಮೊದಲ ಎರಡು ಸಲ ಯಾರಿಗೂ ಗೊತ್ತಾಗುವುದಿಲ್ಲ. ನಾಲ್ಕನೇ ಸಲಕ್ಕೆ ಕಿವಿ ಅದನ್ನು ಹಿಡಿಯುತ್ತದೆ, ಐದನೇ ಸಲ ಕಾಯತೊಡಗುತ್ತದೆ. ಐದನೇ ಸಲ ಅಂದರೆ ಮೂರು ನಿಮಿಷ ಆಸುಪಾಸು. ನಿಮ್ಮ ಆ ಸಂದರ್ಶಕರು ಎದ್ದದ್ದೂ ಮೂರು ನಿಮಿಷಕ್ಕೆ. ಅದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಮನಸ್ಸು ಮೊದಲೇ ಬಿಗಿಯಾಗಿದ್ದವರಿಗೆ, ಕಾಯುವಂತೆ ಮಾಡುವ ಸದ್ದು ಒಳ್ಳೆಯದಲ್ಲ.

ನಾನು ಮಾಡುವುದು ಹೀಗೆ. ಮಳೆಯನ್ನು ಮೂರು ಪದರ ಮಾಡಿ. ದೂರದ ಒಟ್ಟು ಸುರಿತ ಒಂದು, ಎಲೆಯ ಮೇಲಿನ ಸದ್ದು ಒಂದು, ಹತ್ತಿರದ ಹನಿ ಒಂದು. ಮೂರಕ್ಕೂ ಬೇರೆ ಬೇರೆ ಉದ್ದ ಕೊಡಿ: 17, 23, 29 ಸೆಕೆಂಡ್. ಮೂರೂ ಅವಿಭಾಜ್ಯ ಸಂಖ್ಯೆ. ಮೂರೂ ಮತ್ತೆ ಒಟ್ಟಿಗೆ ಶುರುವಾಗಬೇಕಾದರೆ 17 × 23 × 29, ಅಂದರೆ 11,339 ಸೆಕೆಂಡ್ ಆಗಬೇಕು. ಸುಮಾರು 3 ಗಂಟೆ 9 ನಿಮಿಷ. ಫೈಲ್ ಒಟ್ಟು 69 ಸೆಕೆಂಡಿನದ್ದು, ಮಳೆ ಮೂರು ಗಂಟೆಯದ್ದು. ಹತ್ತಿರದ ಹನಿಯ ಪದರದಲ್ಲಿ ಮಾತ್ರ ಎದ್ದು ಕಾಣುವ ಸದ್ದು ಯಾವುದೂ ಇರದಂತೆ ನೋಡಿಕೊಳ್ಳಿ, ಆ ಪದರ 29 ಸೆಕೆಂಡಿಗೆ ತಿರುಗಿ ಬರುತ್ತಲೇ ಇರುತ್ತದಲ್ಲ.

ಸಂಗೀತ ಇದೆಯಾ? ಇದ್ದರೆ, ಆಡುವವರು ಮುಟ್ಟಿದಾಗ ಹೊರಡುವ ಸ್ವರಗಳನ್ನು ಮೋಹನ ರಾಗದ ಐದು ಸ್ವರಗಳೊಳಗೆ ಇಡಿ. ಮಧ್ಯಮ, ನಿಷಾದ ಎರಡೂ ಇಲ್ಲದ್ದರಿಂದ ಪಕ್ಕಪಕ್ಕದ ಸ್ವರಗಳ ನಡುವೆ ಅರ್ಧ ಸ್ವರದ ಅಂತರ ಎಲ್ಲೂ ಬರುವುದಿಲ್ಲ. ಯಾವ ಕ್ರಮದಲ್ಲಿ ಮುಟ್ಟಿದರೂ ಒಂದಕ್ಕೊಂದು ತಿಕ್ಕಾಡುವುದಿಲ್ಲ. ತಪ್ಪು ಸ್ವರ ನುಡಿಸಲು ಸಾಧ್ಯವೇ ಇಲ್ಲದ ವಾದ್ಯ ಕೈಗೆ ಕೊಟ್ಟ ಹಾಗೆ.

ಕಿಟಕಿ

ಬಕೆಟ್. ಈಗ ತಾನೇ ಹೆಡ್‌ಫೋನ್ ಹಾಕಿ ಕೇಳಿದೆ. 31ನೇ ಸೆಕೆಂಡಿನಲ್ಲಿ ಬಕೆಟ್ಟಿನ ಅಂಚಿಗೆ ಒಂದು ಹನಿ. ಹದಿನಾಲ್ಕು ತಿಂಗಳು ಇದನ್ನು ನಾನು ಕೇಳಿಸಿಕೊಂಡೇ ಇರಲಿಲ್ಲ. ನಿಮಗೆ ಹೇಗೆ ಧನ್ಯವಾದ ಹೇಳಲಿ ತಿಳಿಯುತ್ತಿಲ್ಲ.

ರಾತ್ರಿಪಾಳಿ

ನಾನು ನರ್ಸ್. ತುರ್ತು ವಿಭಾಗದಲ್ಲಿ ಕೆಲಸ. ಆಟ ಮಾಡುವುದರ ಬಗ್ಗೆ ಏನೂ ತಿಳಿಯದು, ಆದರೆ ಆ ಮೂರು ನಿಮಿಷಕ್ಕೆ ಎದ್ದವರ ಬಗ್ಗೆ ತಿಳಿದಿದೆ. ಪಾಳಿ ಮುಗಿಸಿ ಮನೆಗೆ ಹೋದ ಮೇಲೆ ನನಗೂ ಸದ್ದಿಲ್ಲದ ಕೋಣೆ ಆಗುವುದಿಲ್ಲ. ದಿನವೆಲ್ಲ ಮಾನಿಟರ್ ಸದ್ದು ಮಾಡುತ್ತಿದ್ದರೆ ಎಲ್ಲ ಸರಿ ಇದೆ ಅಂತ. ಸದ್ದು ನಿಂತರೆ ಮೈ ಎದ್ದು ನಿಲ್ಲುತ್ತದೆ. ನಿಮ್ಮ ಕೋಣೆ ನಿಮಗೆ ನೆಮ್ಮದಿ, ಯಾಕೆಂದರೆ ನೀವು ಗದ್ದಲದಿಂದ ಓಡಿ ಬಂದವರು. ಖಾಲಿತನದಿಂದ ಓಡಿ ಬಂದವರಿಗೆ ಅದು ಬೇಡ.

ನಾನು ಟೆಟ್ರಿಸ್ ಆಡುತ್ತೇನೆ. ಅದು ಶಾಂತವಾದ ಆಟ ಅಲ್ಲವೇ ಅಲ್ಲ, ಕೊನೆಗೆ ಸೋಲಲೇಬೇಕು. ಆದರೆ ಇಟ್ಟಿಗೆ ತಿರುಗಿಸುವಾಗ ಕಣ್ಣ ಮುಂದೆ ಬೇರೆ ಚಿತ್ರಕ್ಕೆ ಜಾಗ ಇರುವುದಿಲ್ಲ. ಮನಶ್ಶಾಸ್ತ್ರಜ್ಞೆ ಎಮಿಲಿ ಹೋಮ್ಸ್ ಮತ್ತು ಜೊತೆಗಾರರು 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದ್ದರು. ಮನಸ್ಸಿಗೆ ಆಘಾತವಾಗುವಂಥ ದೃಶ್ಯಗಳನ್ನು ತೋರಿಸಿ, ಅರ್ಧ ಗಂಟೆ ಬಿಟ್ಟು ಕೆಲವರಿಗೆ ಹತ್ತು ನಿಮಿಷ ಟೆಟ್ರಿಸ್ ಕೊಟ್ಟರು. ಮುಂದಿನ ಒಂದು ವಾರದಲ್ಲಿ ಆ ದೃಶ್ಯಗಳು ತಾವಾಗಿ ಕಣ್ಣ ಮುಂದೆ ನುಗ್ಗಿ ಬರುವುದು ಆಡಿದವರಲ್ಲಿ ಕಡಿಮೆ ಇತ್ತು. ಅದು ಪ್ರಯೋಗಾಲಯದ ಮಾತು, ಇದರಿಂದ ಯಾರೂ ಆಟವನ್ನು ಚಿಕಿತ್ಸೆ ಅಂದುಕೊಳ್ಳಬಾರದು. ಆದರೆ ಕೆಲವರಿಗೆ ಕೈ ತುಂಬ, ಕಣ್ಣು ತುಂಬ ಕೆಲಸ ಇದ್ದರೇ ಉಸಿರು ಇಳಿಯುತ್ತದೆ ಅನ್ನುವುದು ನನ್ನ ಅನುಭವವೂ ಹೌದು.

ನೀವು ತಪ್ಪು ಮಾಡಲಿಲ್ಲ. ಒಂದೇ ಬಾಗಿಲು ಇಟ್ಟಿದ್ದಿರಿ.

ಒಂದು ಕೇಳಲಾ? ಅಮ್ಮ ಈಗ ಹೇಗಿದ್ದಾರೆ? ಆಟ ಆಡಿದರಾ?

ಶಿಖರ

ರಾತ್ರಿಪಾಳಿ ಅವರ ಮಾತಿಗೆ ಸೇರಿಸ್ತೀನಿ. ನನ್ನ ಕೆಟ್ಟ ಕಾಲದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಸೆಲೆಸ್ಟ್ ಅನ್ನೋ ಆಟ, 2018ರದ್ದು. ಬೆಟ್ಟ ಹತ್ತಬೇಕು, ನೂರಾರು ಸಲ ಬಿದ್ದು ಸಾಯ್ತೀವಿ. ಆದರೆ ಸತ್ತ ಮರುಕ್ಷಣವೇ ಅದೇ ಜಾಗದಲ್ಲಿ ಮತ್ತೆ ನಿಂತಿರ್ತೀವಿ, ಜೀವ ಇಷ್ಟೇ ಉಳಿದಿದೆ ಅನ್ನೋ ಎಣಿಕೆ ಇಲ್ಲ. ಅದರೊಳಗೆ ಒಂದು ಕಡೆ ನಾಯಕಿಗೆ ವಿಪರೀತ ಗಾಬರಿ ಶುರುವಾಗುತ್ತೆ. ಜೊತೆಗಿರೋ ಗೆಳೆಯ ಒಂದು ಗರಿ ನೆನೆಸಿಕೋ ಅಂತಾನೆ. ಆ ಗರಿಯನ್ನ ನಾವು ಬಟನ್ ಒತ್ತಿ ಬಿಟ್ಟು, ಉಸಿರಿನ ಲಯಕ್ಕೆ ಮೇಲೆ ಕೆಳಗೆ ತೇಲಿಸಬೇಕು. ಅಷ್ಟು ಕಷ್ಟದ ಆಟದ ಮಧ್ಯ ಆ ಒಂದು ನಿಮಿಷ ಬಂದಾಗ ನಾನು ಅತ್ತುಬಿಟ್ಟೆ.

ಅದಕ್ಕೇ ಸೋಲು ಇರಬಾರದು ಅನ್ನೋದನ್ನ ನಾನು ಒಪ್ಪಲ್ಲ. ಸೋತಾಗ ಆಟ ಏನು ಹೇಳುತ್ತೆ ಅನ್ನೋದು ಮುಖ್ಯ. ಕಿಟಕಿ ಅವರೇ, ನಿಮ್ಮ "ಯಾರೂ ಲೆಕ್ಕ ಇಡಬಾರದು" ಅನ್ನೋ ಮಾತು ಅಲ್ಲೂ ನಿಲ್ಲುತ್ತೆ ನೋಡಿ.

ಒತ್ತಕ್ಷರ

ಆ 9 ಸಾಲು ಕನ್ನಡದಲ್ಲಿದೆಯೇ? ಯಾವ ಎಂಜಿನ್ (ಆಟ ಕಟ್ಟುವ ತಂತ್ರಾಂಶ), ಯಾವ ಫಾಂಟ್? ಅಕ್ಷರಗಳು ಒಂದೊಂದಾಗಿ ಮೂಡುತ್ತವೆಯೇ? ಇದರಲ್ಲಿ ಎಷ್ಟೋ ಜನ ಕೈಸೋತು ಇಂಗ್ಲಿಷಿಗೆ ಹೋಗಿಬಿಡುವುದನ್ನು ನೋಡಿದ್ದೇನೆ, ಅದಕ್ಕೇ ಕೇಳುತ್ತಿದ್ದೇನೆ.

ಕಿಟಕಿ

@ಒತ್ತಕ್ಷರ ಒಂಬತ್ತೂ ಕನ್ನಡ. ಗೊಡೋ ಅನ್ನುವ ಎಂಜಿನ್‌ನ 3ನೇ ಆವೃತ್ತಿಯಲ್ಲಿ ಶುರು ಮಾಡಿದ್ದೆ, ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ, ಅರ್ಕಾವೊತ್ತು ಎಲ್ಲೋ ಹೋಗಿ ಕೂತು, ಓದಲು ಆಗುತ್ತಿರಲಿಲ್ಲ. ಮೊದಲು ಸಾಲುಗಳನ್ನು ಚಿತ್ರ ಮಾಡಿ ಅಂಟಿಸಿದೆ. ಆಮೇಲೆ ಗೊಡೋ 4ಕ್ಕೆ ಬದಲಾಯಿಸಿದೆ. 2023ರ ಮಾರ್ಚಿನಲ್ಲಿ ಬಂದ ಆ ಆವೃತ್ತಿಯಲ್ಲಿ ನಮ್ಮಂಥ ಲಿಪಿಗಳನ್ನು ಸರಿಯಾಗಿ ಜೋಡಿಸುವ ವ್ಯವಸ್ಥೆ ಒಳಗೇ ಇದೆ. ಫಾಂಟ್ ನೋಟೋ ಸಾನ್ಸ್ ಕನ್ನಡ.

ಒಂದೊಂದಾಗಿ ಮೂಡುವುದನ್ನು ಬಿಟ್ಟೆ. "ಸ್ತ್ರೀ" ನಮಗೆ ಒಂದು ಅಕ್ಷರ, ಕಂಪ್ಯೂಟರಿಗೆ ಆರು ಸಂಕೇತ. ಸ, ಸ್, ಸ್ತ ಎಂದು ಕಣ್ಣೆದುರೇ ರೂಪ ಬದಲಿಸುತ್ತ ಕುಣಿಯುತ್ತದೆ. ಶಾಂತವಾಗಿರಬೇಕಾದ ಸಾಲು ನಡುಗಿದ ಹಾಗೆ ಕಾಣುತ್ತಿತ್ತು. ಈಗ ಇಡೀ ಸಾಲು ಮಂಜಿನಿಂದ ಬಂದಂತೆ ಒಂದೂವರೆ ಸೆಕೆಂಡಿನಲ್ಲಿ ತಿಳಿಯಾಗುತ್ತದೆ. ನನಗೆ ಅದೇ ಹೆಚ್ಚು ಇಷ್ಟವಾಯಿತು.

ಒತ್ತಕ್ಷರ

ಒಳ್ಳೆಯದು. ಸಾಲುಗಳ ನಡುವೆ ಜಾಗ ಧಾರಾಳವಾಗಿ ಬಿಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಬಾರದು. ತಾಗಿದರೆ ಓದುವವರಿಗೆ ಉಸಿರುಕಟ್ಟಿದ ಹಾಗಾಗುತ್ತದೆ. ಕನ್ನಡದಲ್ಲಿ ಮಾಡಿದ್ದಕ್ಕೆ ಸಂತೋಷ.

ಹೊಸ ಹೆಜ್ಜೆ

ನಾನು ಇಲ್ಲಿಗೆ ಹೊಸಬಳು. ನನ್ನ ತಂಗಿಗೋಸ್ಕರ ಇಂಥದ್ದೇ ಒಂದು ಪುಟ್ಟ ಆಟ ಮಾಡುವ ಆಸೆ ಇದೆ. ಕೋಡಿಂಗ್ ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ ಅಕ್ಕ/ಅಣ್ಣ?

ಅರ್ಧಪಿಕ್ಸೆಲ್

@ಹೊಸ ಹೆಜ್ಜೆ ಮಾತು, ಆಯ್ಕೆ ಮಾತ್ರ ಇರೋ ಆಟ ಆದ್ರೆ ಟ್ವೈನ್. ಸಣ್ಣ ಕೋಣೆ, ಓಡಾಡೋದು ಇದ್ರೆ ಬಿಟ್ಸಿ. ಇವು ಆಟ ಮಾಡೋ ಸಾಧನಗಳು. ಎರಡೂ ಉಚಿತ, ಎರಡೂ ಬ್ರೌಸರಿನಲ್ಲೇ ಓಡುತ್ತೆ. ಒಂದೇ ಕೋಣೆ ಮಾಡಿ. ತಂಗಿ ನಿಜವಾಗಿ ಕೈಯಲ್ಲಿ ಹಿಡಿದು ಆಡೋ ಒಂದು ವಸ್ತು ಅದರಲ್ಲಿ ಇಡಿ. ಸಿಕ್ಕಿಹಾಕಿಕೊಂಡ್ರೆ ಇಲ್ಲೇ ಬರೀರಿ, ಕೂತು ನೋಡೋಣ.

ಕಿಟಕಿ ಅವರೇ, ಬಾಗಿಲು ಅಂದ ಮಾತಿಂದ ನನಗೆ ಜರ್ನಿ ಅನ್ನೋ ಆಟ ನೆನಪಾಯ್ತು, 2012ರದ್ದು. ಗೊತ್ತಿಲ್ಲದ ಇನ್ನೊಬ್ಬರ ಜೊತೆ ಮರುಭೂಮೀಲಿ ನಡೀಬೇಕು, ಮಾತಿಲ್ಲ, ಹೆಸರಿಲ್ಲ. ಮಾಡ್ತಿದ್ದ ಕಾಲದಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯೋಕೆ ಆಗ್ತಿತ್ತಂತೆ. ನೆರವಾಗಲಿ ಅಂತ ಇಟ್ಟದ್ದು, ಜನ ತಳ್ಳಿ ಬೀಳಿಸೋಕೆ ಬಳಸಿದ್ರು. ಮಾಡಿದವರು ಜನರನ್ನ ಬೈಲಿಲ್ಲ. ಡಿಕ್ಕಿಯನ್ನೇ ತೆಗೆದು, ಹತ್ತಿರ ಬಂದ್ರೆ ಇಬ್ಬರಿಗೂ ಹಾರೋ ಶಕ್ತಿ ತುಂಬೋ ಹಾಗೆ ಮಾಡಿದ್ರು. ಆ ಮೂರು ನಿಮಿಷ ನಿಮಗೆ ಅಂಥದ್ದೇ ಸುಳಿವು. ಅದನ್ನ ಹೊತ್ತುಕೊಂಡು ಓಡಾಡಬೇಡಿ, ಆಟದೊಳಗೆ ಹಾಕಿ.

ಕಿಟಕಿ

ಎರಡು ವಾರ ಆಯಿತು. ಎಲ್ಲರ ಮಾತನ್ನೂ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ ಕೆಲಸ ಮಾಡಿದೆ.

ಮಳೆ ಈಗ ಮೂರು ಪದರ, 17, 23, 29. ಬಕೆಟ್ ಹನಿ ಹೋಯಿತು. ಕೋಣೆಯಲ್ಲಿ ಒಂದು ಎರಡನೇ ಬಾಗಿಲು ಬಂದಿದೆ. ಅದರಾಚೆ ಹಗಲು. ಕಿಟಕಿ ತೆರೆದಿದೆ, ಹೊರಗೆ ಮಕ್ಕಳ ಸದ್ದು, ಮೇಜಿನ ಮೇಲೆ ಬಣ್ಣಬಣ್ಣದ ಗುಂಡಿಗಳ ದೊಡ್ಡ ಡಬ್ಬಿ ಮಗುಚಿ ಬಿದ್ದಿದೆ. ಬಣ್ಣ, ಅಳತೆ, ತೂತಿನ ಲೆಕ್ಕದಲ್ಲಿ ಬೇರೆ ಮಾಡಬಹುದು. ಮಾಡುತ್ತಿದ್ದ ಹಾಗೆ ಇನ್ನಷ್ಟು ಬರುತ್ತವೆ. ಕಣ್ಣಿಗೂ ಕೈಗೂ ಪುರುಸೊತ್ತಿಲ್ಲ. @ರಾತ್ರಿಪಾಳಿ, ಆ ಬಾಗಿಲು ನಿಮ್ಮದು. ಯಾವ ಕೋಣೆಯಿಂದ ಯಾವ ಕೋಣೆಗೆ ಬೇಕಾದರೂ ಯಾವಾಗ ಬೇಕಾದರೂ ಹೋಗಬಹುದು. ಆಟ ತೆರೆದಾಗ ಎರಡೂ ಬಾಗಿಲು ಒಟ್ಟಿಗೇ ಕಾಣುತ್ತವೆ, ಒಂದರಿಂದ ಮಳೆ, ಒಂದರಿಂದ ಮಕ್ಕಳ ಸದ್ದು. ಮೂರು ನಿಮಿಷಕ್ಕೆ ಎದ್ದು ಹೋದವರು ಯಾರೆಂದು ನನಗೆ ಗೊತ್ತಿಲ್ಲ, ಹುಡುಕಲಾರೆ. ಅವರಂಥ ಇನ್ನೊಬ್ಬರಿಗೆ ಆದರೂ ತಲುಪಲಿ.

ಅಮ್ಮನ ಬಗ್ಗೆ ಕೇಳಿದ್ದಿರಿ. ಈಗ ಚೆನ್ನಾಗಿದ್ದಾಳೆ, ನಿಧಾನಕ್ಕೆ ಓಡಾಡುತ್ತಾಳೆ. ಆಟ ತೋರಿಸಿರಲೇ ಇಲ್ಲ. ಆ ರಾತ್ರಿಗಳನ್ನು ನೆನಪಿಸಿದ ಹಾಗಾಗುತ್ತದೆ ಎಂದು ಹೆದರಿದ್ದೆ. ನೀವು ಕೇಳಿದ ಮೇಲೆ ಮೊನ್ನೆ ಕೈಗೆ ಕೊಟ್ಟೆ. ಮಳೆ ನೋಡಲಿಲ್ಲ, ಗಡಿಯಾರ ನೋಡಲಿಲ್ಲ, ನೇರ ಬಟ್ಟೆ ರಾಶಿಗೆ ಹೋದಳು. ಒಂದು ಟವೆಲ್ ತೆಗೆದುಕೊಂಡು ಮೂರನೇ ಒಂದು ಭಾಗಕ್ಕೆ ಮಡಿಕೆ ಹಾಕಲು ನೋಡಿದಳು. ಆಟ ಅದನ್ನು ಅರ್ಧಕ್ಕೆ ಎಳೆದುಕೊಂಡಿತು. ಮತ್ತೆ ಬಿಡಿಸಿ ಮತ್ತೆ ಮೂರಕ್ಕೆ ನೋಡಿದಳು. ಆಗಲಿಲ್ಲ. "ಟವೆಲನ್ನು ಮೂರು ಮಡಿಕೆ ಮಾಡಿದರೆ ಅಂಚು ಒಳಗೆ ಹೋಗುತ್ತೆ, ಕಪಾಟಿನಲ್ಲಿ ನೀಟಾಗಿ ಕೂರುತ್ತೆ. ನೀನು ಯಾವಾಗ ಕಲಿತೀಯೋ" ಎಂದಳು.

ನಿನ್ನೆ ರಾತ್ರಿ ಕೂತು ಟವೆಲಿಗೆ ಮೂರು ಮಡಿಕೆ ಬರೆದೆ. ಹೊಸ ಫೈಲ್ ಬೆಳಗ್ಗೆ ಏರಿಸಿದ್ದೇನೆ. ಹಳೆಯದನ್ನು ಇಳಿಸಿಕೊಂಡವರು ಬದಲಾಯಿಸಿಕೊಳ್ಳಿ. ನೀವು ಅರ್ಧ ಮಡಚಿ ಬಿಟ್ಟ ಬಟ್ಟೆ ಹಾಗೇ ಇರುತ್ತದೆ.